ಹಳೆಯ ಸೌಂಡ್ ಕಾರ್ಡಿಗೆ ಸ್ಪೀಕರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಐಬಿಎಂ ಎಕ್ಸ್‌ಟಿ ಮಾದರಿಯ ಹಳೆಯ ಕಂಪ್ಯೂಟರಿನಲ್ಲಿ, ಸ್ವರ ಹುಟ್ಟಿಸುವ ವೈಎಂ3812 ಚಿಪ್ ಇರುವ 8 ಬಿಟ್ ಸಂಗೀತ ಕಾರ್ಡ್ ಇದೆ. ಅದಕ್ಕಿರುವುದು ಲೈನ್ ಔಟ್ ಜಾಕ್ ಒಂದೇ. ಹೊರಗೆ ಬೇರೆ ಆಂಪ್ಲಿಫೈಯರ್ ಇಡದೆ, ಕಾರ್ಡಿನಿಂದಲೇ ಸಣ್ಣ ಸ್ಪೀಕರ್ ನುಡಿಸಬೇಕು. ಜಾಕ್‌ಗೆ ನೇರವಾಗಿ 8 ಓಮ್ ಸ್ಪೀಕರ್ ಸೇರಿಸಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು, ಅದೂ ಒಡಕು. ಏನು ಮಾಡಬೇಕು?

ಉತ್ತರ: ಮೊದಲು ಆ ಸ್ಪೀಕರನ್ನು ಕಳಚಿಡಿ. ಜಾಕ್‌ನ ಹಿಂದಿರುವ ಆಪ್-ಆಂಪ್ (ಸಂಕೇತವನ್ನು ವರ್ಧಿಸುವ ಸಣ್ಣ ಚಿಪ್) ಹೆಚ್ಚೆಂದರೆ 20–25 ಮಿಲಿಆಂಪಿಯರ್ ಕೊಡಬಲ್ಲದು. 8 ಓಮ್ ಕಾಯಿಲ್‌ಗೆ ಅಷ್ಟು ಹರಿದರೆ ಸಿಗುವುದು 0.2 ವೋಲ್ಟ್. ಸದ್ದು ಕ್ಷೀಣವಾಗುವುದೂ ಒಡೆಯುವುದೂ ಅದಕ್ಕೇ. ಕೆಲವರು ಜಾಕ್ ಬಿಟ್ಟು ಇನ್ನೂ ಹಿಂದಕ್ಕೆ ಹೋಗಿ ವೈಎಂ3014 ಚಿಪ್ಪಿನ ಬಳಿಯೇ ತಂತಿ ಬೆಸೆಯುತ್ತಾರೆ. ಅದು ಇನ್ನೂ ಕೆಟ್ಟದ್ದು. ಡಿಜಿಟಲ್ ಸಂಕೇತವನ್ನು ಧ್ವನಿಯಾಗಿಸುವ ಆ ಚಿಪ್ಪಿನ ಔಟ್‌ಪುಟ್ ಬಲಹೀನವಾದದ್ದು, ಬಫರ್ (ಹೊರೆಯನ್ನು ತಾನು ಹೊತ್ತು ಸಂಕೇತವನ್ನು ಮುಂದಕ್ಕೆ ದಾಟಿಸುವ ಆಪ್-ಆಂಪ್) ಇಲ್ಲದೆ ಯಾವ ಹೊರೆಯನ್ನೂ ತಾಳದು. ಬಫರ್ ಆದಮೇಲೂ ಸಂಕೇತ ಸೊನ್ನೆಯ ಸುತ್ತ ಆಡುವುದಿಲ್ಲ, 2.5 ವೋಲ್ಟ್ ಸುತ್ತ ಆಡುತ್ತದೆ. ಆ 2.5 ವೋಲ್ಟ್ ಸ್ಥಿರವಾಗಿ 8 ಓಮ್ ಕಾಯಿಲ್ ಮೇಲೆ ಕೂತರೆ 300 ಮಿಲಿಆಂಪಿಯರ್‌ಗೂ ಹೆಚ್ಚು, ಅಂದರೆ ಮುಕ್ಕಾಲು ವಾಟ್, ಬರೀ ಶಾಖವಾಗುತ್ತದೆ. ಅಷ್ಟು ಕೊಡುವ ಶಕ್ತಿ ಬಫರ್‌ಗಿದ್ದರೆ ಅರ್ಧ ವಾಟ್ ಸ್ಪೀಕರ್ ಸುಡುತ್ತದೆ, ಇಲ್ಲದಿದ್ದರೆ ಬಫರ್ ಸೋಲುತ್ತದೆ. ಆದ್ದರಿಂದ ಸ್ಪೀಕರಿಗೆಂದೇ ಒಂದು ಸಣ್ಣ ಆಂಪ್ಲಿಫೈಯರ್ ಬೇಕೇ ಬೇಕು.

ಈ ಕೆಲಸಕ್ಕೆ ಎಲ್‌ಎಂ386ಕ್ಕಿಂತ ಸರಳವಾದ ಚಿಪ್ ಬೇಡ. ಎಂಟು ಕಾಲು, ಹತ್ತಾರು ಬಿಡಿಭಾಗ. ಸಣ್ಣ ತೂತುಬೋರ್ಡಿನ ಮೇಲೆ ಬೇರೆಯಾಗಿ ಕಟ್ಟಿ, ಕಾರ್ಡಿನ ಬ್ರಾಕೆಟ್ ಸ್ಕ್ರೂವಿಗೇ ಸಿಕ್ಕಿಸಿ. ಮೂಲ ಕಾರ್ಡಿಗೆ ರಂಧ್ರ ಕೊರೆಯುವುದಾಗಲಿ ಅದರ ತಾಮ್ರದ ಗೆರೆ ಕತ್ತರಿಸುವುದಾಗಲಿ ಬೇಡ. ಬೆಸೆದ ತಂತಿಯನ್ನು ಎಂದಾದರೂ ಬಿಚ್ಚಬಹುದು, ಕೊರೆದ ರಂಧ್ರವನ್ನು ಮುಚ್ಚಲಾಗದು.

ಸಂಕೇತವನ್ನು ಬಫರ್ ಆಪ್-ಆಂಪ್‌ನ ಔಟ್‌ಪುಟ್ ಕಾಲಿನಿಂದ ತೆಗೆದುಕೊಳ್ಳಿ. ಅಲ್ಲಿಂದ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಮುಂದೆ 100 ಕಿಲೋ ಓಮ್ ರೆಸಿಸ್ಟರ್, ಆಮೇಲೆ 10 ಕಿಲೋ ಓಮ್ ವಾಲ್ಯೂಮ್ ಪಾಟ್‌ನ (ತಿರುಗಿಸುವ ರೆಸಿಸ್ಟರಿನ) ಮೇಲ್ತುದಿ. ಪಾಟ್‌ನ ಕೆಳತುದಿ ಗ್ರೌಂಡಿಗೆ, ನಡುಗಾಲು ಎಲ್‌ಎಂ386ರ 3ನೇ ಪಿನ್‌ಗೆ. 2 ಮತ್ತು 4ನೇ ಪಿನ್ ಗ್ರೌಂಡಿಗೆ. 1 ಮತ್ತು 8ನ್ನು ಖಾಲಿ ಬಿಡಿ. ಅವುಗಳ ನಡುವೆ 10 ಮೈಕ್ರೋಫ್ಯಾರಡ್ ಹಾಕಿ ವರ್ಧನೆಯನ್ನು 20ರಿಂದ 200ಕ್ಕೆ ಏರಿಸುವ ಚಿತ್ರ ಎಲ್ಲೆಡೆ ಸಿಗುತ್ತದೆ. ಇಲ್ಲಿ ಅದರಿಂದ ಗದ್ದಲವಷ್ಟೇ ಹತ್ತು ಪಟ್ಟಾಗುತ್ತದೆ. 7ನೇ ಪಿನ್‌ನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್. 5ನೇ ಪಿನ್‌ನಿಂದ ಗ್ರೌಂಡಿಗೆ 10 ಓಮ್ ಮತ್ತು 0.047 ಮೈಕ್ರೋಫ್ಯಾರಡ್ ಸರಣಿಯಲ್ಲಿ. ಅದೇ 5ರಿಂದ 220 ಮೈಕ್ರೋಫ್ಯಾರಡ್, 16 ವೋಲ್ಟ್ ಕೆಪಾಸಿಟರಿನ ಧನ ತುದಿ, ಅದರ ಋಣ ತುದಿಯಿಂದ ಸ್ಪೀಕರ್.

ಆ 100 ಕಿಲೋ ಓಮ್ ಯಾಕೆ? ವೈಎಂ3014ರ ಸಂಕೇತ ಶಿಖರದಿಂದ ಶಿಖರಕ್ಕೆ 2.5 ವೋಲ್ಟ್‌ವರೆಗೆ ಹೋಗುತ್ತದೆ. ಅದನ್ನು ಹಾಗೇ 20 ಪಟ್ಟು ಮಾಡಿದರೆ 50 ವೋಲ್ಟ್ ಬೇಕಾದೀತು! ಸಾಲದ್ದಕ್ಕೆ ಎಲ್‌ಎಂ386ರ ಇನ್‌ಪುಟ್ ತಾಳುವುದು ಸೊನ್ನೆಯಿಂದ ಆಚೀಚೆ 0.4 ವೋಲ್ಟ್ ಮಾತ್ರ. ಚಿಪ್ಪಿನೊಳಗಿನ 50 ಕಿಲೋ ಓಮ್ ಲೆಕ್ಕ ಹಿಡಿದರೆ, ವಾಲ್ಯೂಮ್ ಪೂರ್ತಿ ತಿರುಗಿಸಿದಾಗ ಒಳಬರುವುದು 0.19 ವೋಲ್ಟ್, ಹೊರಬರುವುದು ಸುಮಾರು 3.8 ವೋಲ್ಟ್, ಇವೆರಡೂ ಶಿಖರದಿಂದ ಶಿಖರಕ್ಕೆ. 8 ಓಮ್ ಸ್ಪೀಕರಿನಲ್ಲಿ ಅದು ಕಾಲು ವಾಟ್‌ನ ಆಸುಪಾಸು. ಅರ್ಧ ವಾಟ್ ಸ್ಪೀಕರಿಗೆ ಅಪಾಯವಿಲ್ಲ, ಕೋಣೆ ತುಂಬ ಕೇಳಿಸುತ್ತದೆ. ಕಾರ್ಡಿನ ಆಪ್-ಆಂಪ್ ತಾನೇ ಸಂಕೇತವನ್ನು ಹಿಗ್ಗಿಸುವಂತಿದ್ದರೆ ಈ ರೆಸಿಸ್ಟರನ್ನು 220 ಕಿಲೋ ಓಮ್‌ಗೆ ಏರಿಸಿ.

ವಿದ್ಯುತ್ತನ್ನು ಸ್ಲಾಟಿನ 5 ವೋಲ್ಟ್‌ನಿಂದ ತೆಗೆಯಬೇಡಿ. ಆ ತಂತಿಯಲ್ಲಿ ಪ್ರೊಸೆಸರ್, ಮೆಮರಿ ಎಲ್ಲದರ ಗದ್ದಲ ಇದ್ದೇ ಇರುತ್ತದೆ. ಸ್ಲಾಟಿನ ಬಿ ಬದಿಯ (ಕಾರ್ಡಿನ ಬೆಸುಗೆ ಇರುವ ಬದಿಯ) 9ನೇ ಸಂಪರ್ಕದಲ್ಲಿ 12 ವೋಲ್ಟ್ ಸಿಗುತ್ತದೆ, 7809 ರೆಗ್ಯುಲೇಟರ್ ಹಾಕಿ 9 ವೋಲ್ಟ್ ಮಾಡಿಕೊಳ್ಳಿ. ರೆಗ್ಯುಲೇಟರಿನ ಒಳಗಡೆಗೆ 0.33, ಹೊರಗಡೆಗೆ 0.1 ಮೈಕ್ರೋಫ್ಯಾರಡ್. ಎಲ್‌ಎಂ386ರ 6ನೇ ಪಿನ್‌ಗೆ ಅಂಟಿಕೊಂಡಂತೆ ಇನ್ನೊಂದು 0.1 ಸಿರಾಮಿಕ್, ಪಕ್ಕದಲ್ಲಿ 470 ಮೈಕ್ರೋಫ್ಯಾರಡ್. ಪೂರ್ಣ ಸದ್ದಿನಲ್ಲೂ ಸರಾಸರಿ 80 ಮಿಲಿಆಂಪಿಯರ್ ಮಾತ್ರ ಹರಿಯುವುದರಿಂದ 7809ಕ್ಕೆ ಹೀಟ್ ಸಿಂಕ್ ಬೇಡ. ಡಿಸ್ಕ್ ಡ್ರೈವ್‌ಗಳ ಮೋಟಾರುಗಳೂ ಇದೇ 12 ವೋಲ್ಟ್‌ನಿಂದ ನಡೆಯುತ್ತವೆ. ರೆಗ್ಯುಲೇಟರ್ ಇಲ್ಲದಿದ್ದರೆ ಅವು ತಿರುಗುವುದೂ ಸ್ಪೀಕರಿನಲ್ಲಿ ಕೇಳುತ್ತದೆ.

ಸ್ಲಾಟಿಗೆ ತೂರಿಸುವ ಮೊದಲು ಮಲ್ಟಿಮೀಟರಿನಿಂದ 12 ವೋಲ್ಟ್ ಸಂಪರ್ಕಕ್ಕೂ ಗ್ರೌಂಡಿಗೂ ನಡುವೆ ಶಾರ್ಟ್ ಇಲ್ಲವೆಂದು ನೋಡಿಕೊಳ್ಳಿ. ಹಳೆಯ ಬೋರ್ಡುಗಳ ಟ್ಯಾಂಟಲಮ್ ಕೆಪಾಸಿಟರುಗಳು ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತವೆ, 12 ವೋಲ್ಟ್ ಸಾಲಿನಲ್ಲಂತೂ ಇದು ಸಾಮಾನ್ಯ. ಆನ್ ಮಾಡಿದ ಮೇಲೆ 5ನೇ ಪಿನ್‌ನಲ್ಲಿ 4.5 ವೋಲ್ಟ್ ಸಮೀಪ ಇರಬೇಕು, ಸ್ಪೀಕರಿನ ಎರಡು ತುದಿಗಳ ನಡುವೆ ಸೊನ್ನೆ. ಆನ್ ಮಾಡಿದ ಕೂಡಲೇ ಬರುವ ಒಂದು ‘ಡಪ್’ ಸದ್ದು 220ರ ಕೆಪಾಸಿಟರ್ ತುಂಬಿಕೊಳ್ಳುವುದು, ಅದಕ್ಕೆ ಹೆದರಬೇಡಿ.

ಪ್ರಶ್ನೆ: ಎಷ್ಟು ದೊಡ್ಡ ಸ್ಪೀಕರ್ ಹಿಡಿಸುತ್ತದೆ? ಎಲ್ಲಿ ಕೂರಿಸುವುದು?

ಉತ್ತರ: ಕಾರ್ಡಿನ ಮೇಲೆಯೇ ಕೂರಿಸುವ ಆಸೆ ಬಿಡುವುದು ಒಳ್ಳೆಯದು. 1981ರ ಮೊದಲ ಐಬಿಎಂ ಪಿಸಿಯಲ್ಲಿ ಸ್ಲಾಟುಗಳ ನಡುವೆ 1 ಇಂಚು ಇತ್ತು, ಎಂಟು ಸ್ಲಾಟುಗಳ ಎಕ್ಸ್‌ಟಿಯಲ್ಲಿ ಅದು 0.8 ಇಂಚು, ಅಂದರೆ 20 ಮಿಲಿಮೀಟರ್. ಚಿಪ್ಪುಗಳ ಎತ್ತರ, ಪಕ್ಕದ ಕಾರ್ಡಿನ ಹಿಂಬದಿಯ ಬೆಸುಗೆ ಮುಳ್ಳುಗಳು ಎಲ್ಲ ಕಳೆದರೆ 10 ಮಿಲಿಮೀಟರ್‌ಗಿಂತ ದಪ್ಪದ ಸ್ಪೀಕರಿಗೆ ಜಾಗವಿಲ್ಲ. ಲೋಹದ ಚೌಕಟ್ಟು ಪಕ್ಕದ ಕಾರ್ಡಿಗೆ ತಾಗಿದರೆ ಎರಡೂ ಕಾರ್ಡು ಹೋದವು.

ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಸ್ಪೀಕರನ್ನು ಗಾಳಿಯಲ್ಲಿ ಕೈಯಲ್ಲೇ ಹಿಡಿದು ನುಡಿಸಿ, ಆಮೇಲೆ ಅದರ ಕೋನ್ ಅಳತೆಗೆ ತೂತು ಮಾಡಿದ ರಟ್ಟಿಗೆ ಒತ್ತಿ ಹಿಡಿಯಿರಿ. ತೆಳುವಾಗಿದ್ದ ಸದ್ದು ಒಮ್ಮೆಲೇ ಮೈತುಂಬಿಕೊಳ್ಳುತ್ತದೆ. ಕೋನ್‌ನ ಮುಂದಿನ ಅಲೆಯನ್ನು ಹಿಂದಿನ ಅಲೆ ರದ್ದು ಮಾಡದಂತೆ ನಡುವೆ ಒಂದು ತಡೆ ಬೇಕು. ಕಾರ್ಡಿನ ಮೇಲೆ ಆ ತಡೆ ಸಿಗದು. ಕಂಪ್ಯೂಟರಿನ ಪೆಟ್ಟಿಗೆಯ ತಗಡು, ಅದರಲ್ಲಿ ಈಗಾಗಲೇ ಇರುವ ಗಾಳಿಕಿಂಡಿಗಳು, ಇವೇ ಒಳ್ಳೆಯ ಜಾಗ. ಸ್ಪೀಕರ್ ಅಂಚಿಗೆ ತೆಳು ಫೋಮ್ ಸುತ್ತಿದರೆ ತಗಡು ಗಿರಗುಟ್ಟುವುದಿಲ್ಲ. ಫ್ಲಾಪಿ ಡ್ರೈವಿನಿಂದಲೂ, ಡಿಸ್ಕ್‌ಗಳನ್ನು ಇಡುವ ಜಾಗದಿಂದಲೂ ಅಯಸ್ಕಾಂತವನ್ನು ದೂರ ಇಡಿ. ಗಾಜಿನ ಕೊಳವೆಯ ಮಾನಿಟರ್ ಪೆಟ್ಟಿಗೆಯ ಮೇಲೆಯೇ ಕೂರುವುದಾದರೆ ಬಣ್ಣ ಮೂಲೆಯಲ್ಲಿ ಕದಡುತ್ತದೆಯೇ ನೋಡಿ. ಕದಡಿದರೆ ಸ್ಪೀಕರ್ ಸರಿಸಿ.

ಪ್ರಶ್ನೆ: ಮದರ್‌ಬೋರ್ಡಿನ ‘ಬೀಪ್’ ಸದ್ದೂ ಕಾರ್ಡಿನ ಸಂಗೀತವೂ ಒಂದೇ ಸ್ಪೀಕರಿನಲ್ಲಿ ಬರುವಂತೆ ಮಾಡಬಹುದೇ?

ಉತ್ತರ: ಧಾರಾಳವಾಗಿ. ಪೆಟ್ಟಿಗೆಯಲ್ಲಿ ಮೊದಲೇ ಇರುವ 57 ಮಿಲಿಮೀಟರ್‌ನ 8 ಓಮ್ ಸ್ಪೀಕರೇ ಸಾಕು. ಅದನ್ನು ಮದರ್‌ಬೋರ್ಡಿನಿಂದ ಕಳಚಿ ನಿಮ್ಮ ಆಂಪ್ಲಿಫೈಯರಿಗೆ ಕೊಡಿ. ಸ್ಥಳದ ಸಮಸ್ಯೆಯೂ ಮುಗಿಯುತ್ತದೆ. ಬೀಪ್ ಸಂಕೇತ ಸ್ಲಾಟಿನಲ್ಲಿ ಎಲ್ಲೂ ಸಿಗದು, ಮದರ್‌ಬೋರ್ಡಿನ ನಾಲ್ಕು ಪಿನ್‌ನ ಸ್ಪೀಕರ್ ಕನೆಕ್ಟರಿನಿಂದ ತಂತಿ ಎಳೆಯಲೇಬೇಕು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಆ ಕನೆಕ್ಟರಿನ ಒಂದು ತುದಿ ಸಂಕೇತ, ಇನ್ನೊಂದು ತುದಿ ಗ್ರೌಂಡ್ ಎಂದುಕೊಳ್ಳುತ್ತಾರೆ. ಆ ಇನ್ನೊಂದು ತುದಿ 5 ವೋಲ್ಟ್! ಸ್ಪೀಕರ್ ಇರುವುದು 5 ವೋಲ್ಟ್‌ಗೂ ಸಂಕೇತಕ್ಕೂ ನಡುವೆ, ಚಾಲಕ ಚಿಪ್ ಅದನ್ನು ಗ್ರೌಂಡಿಗೆ ಎಳೆದು ಬಿಡುತ್ತದೆ. ಹಳೆಯ ಸ್ಪೀಕರಿನ ಎರಡು ತಂತಿಗಳನ್ನು ಹಾಗೆಯೇ ಆಂಪ್ಲಿಫೈಯರಿನ ಇನ್‌ಪುಟ್ ಮತ್ತು ಗ್ರೌಂಡಿಗೆ ಬೆಸೆದರೆ ವಿದ್ಯುತ್ ಪೂರೈಕೆಯೇ ಶಾರ್ಟ್. ಆದ್ದರಿಂದ ಕನೆಕ್ಟರ್ ಖಾಲಿ ಇರುವಾಗ ಪ್ರತಿ ಪಿನ್‌ನ ವೋಲ್ಟೇಜ್ ಅಳೆದು, ಯಾವುದು 5 ವೋಲ್ಟ್ ಎಂದು ಗುರುತು ಹಾಕಿಕೊಂಡು ಮುಂದುವರಿಯಿರಿ.

5 ವೋಲ್ಟ್ ಪಿನ್‌ಗೂ ಸಂಕೇತ ಪಿನ್‌ಗೂ ನಡುವೆ 1 ಕಿಲೋ ಓಮ್ ಹಾಕಿ. ಸ್ಪೀಕರ್ ತೆಗೆದ ಮೇಲೆ ಚಾಲಕಕ್ಕೆ ಮೇಲೆಳೆಯುವ ರೆಸಿಸ್ಟರ್ ಇರದಿದ್ದರೆ ಸಂಕೇತವೇ ಹುಟ್ಟದು. ಸಂಕೇತ ಪಿನ್‌ನಿಂದ 0.1 ಮೈಕ್ರೋಫ್ಯಾರಡ್, 100 ಕಿಲೋ ಓಮ್, ಆಮೇಲೆ 120 ಕಿಲೋ ಓಮ್, ಅಲ್ಲಿಂದ ವಾಲ್ಯೂಮ್ ಪಾಟ್‌ನ ಮೇಲ್ತುದಿಗೆ. ಎರಡು ರೆಸಿಸ್ಟರುಗಳ ನಡುವಿನಿಂದ ಗ್ರೌಂಡಿಗೆ 1 ನ್ಯಾನೋಫ್ಯಾರಡ್. ಚೌಕಾಕಾರದ ಅಲೆಯ ಚುಚ್ಚುವ ಮೊನೆಯನ್ನು ಅದು 2.8 ಕಿಲೋಹರ್ಟ್ಜ್‌ನಿಂದ ಮೇಲೆ ತಗ್ಗಿಸುತ್ತದೆ. ಬೀಪರ್ ಮೂಲಕವೇ ಮಾತು ಕೇಳಿಸುವ ಆಟಗಳಲ್ಲಿ ಬರುವ ಸಿಳ್ಳೆಯೂ ಕಡಿಮೆಯಾಗುತ್ತದೆ. ಪರೀಕ್ಷೆಗೆ ಹಳೆಯ ಪಿಸಿಗಳ ಬೇಸಿಕ್ ಭಾಷೆಯಾದ ಜಿಡಬ್ಲ್ಯೂ-ಬೇಸಿಕ್ ತೆರೆದು ‘ಸೌಂಡ್ 1000, 18’ ಆದೇಶ ಕೊಟ್ಟರೆ ಒಂದು ಸೆಕೆಂಡು 1000 ಹರ್ಟ್ಜ್ ನುಡಿಯಬೇಕು.

ಪ್ರಶ್ನೆ: ಎಲ್ಲ ಜೋಡಿಸಿದ್ದಾಗಿದೆ. ಸಂಗೀತ ಇಲ್ಲದಾಗಲೂ ಡಿಸ್ಕ್ ಓದುವಾಗ ಚರಚರ ಸದ್ದು. ಚಿಪ್ಪೂ ಕೈಸುಡುತ್ತದೆ.

ಉತ್ತರ: ಇವು ಎರಡು ಬೇರೆ ರೋಗಗಳು. ಸದ್ದಿಲ್ಲದಾಗಲೂ ಎಲ್‌ಎಂ386 ಸುಡುತ್ತಿದ್ದರೆ ಅದು ಕಿವಿಗೆ ಕೇಳದ ಆವರ್ತನದಲ್ಲಿ ಆಂದೋಲಿಸುತ್ತಿದೆ. ಸುಮ್ಮನಿರುವಾಗ ಅದಕ್ಕೆ 4 ಮಿಲಿಆಂಪಿಯರ್ ಸಾಕು, ಬೆಚ್ಚಗೂ ಆಗಬಾರದು. 10 ಓಮ್–0.047ರ ಜೋಡಿಯನ್ನೋ 6ನೇ ಪಿನ್‌ನ ಸಿರಾಮಿಕ್ ಕೆಪಾಸಿಟರನ್ನೋ ಬಿಟ್ಟಿರುತ್ತೀರಿ, ಇಲ್ಲವೇ ಉದ್ದ ತಂತಿಯಲ್ಲಿ ದೂರ ಹಾಕಿರುತ್ತೀರಿ.

ಚರಚರಕ್ಕೆ ವಾಲ್ಯೂಮನ್ನು ಪೂರ್ತಿ ಇಳಿಸಿ ನೋಡಿ. ನಿಂತರೆ ಗದ್ದಲ ಇನ್‌ಪುಟ್ ತಂತಿಯಿಂದ ಬರುತ್ತಿದೆ. ಅಲ್ಲಿಗೆ ಕವಚದ ತಂತಿ ಬಳಸಿ, ಕವಚವನ್ನು ಒಂದು ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿ. ನಿಲ್ಲದಿದ್ದರೆ ಗ್ರೌಂಡ್ ದಾರಿ ತಪ್ಪಾಗಿದೆ. ಸ್ಪೀಕರಿನಿಂದ ಮರಳುವ 240 ಮಿಲಿಆಂಪಿಯರ್ ಶಿಖರಗಳು, ಡಿಜಿಟಲ್ ಚಿಪ್ಪುಗಳ ಪ್ರವಾಹ, ಪಾಟ್‌ನ ಗ್ರೌಂಡ್ ಎಲ್ಲವೂ ಒಂದೇ ತೆಳು ಗೆರೆಯಲ್ಲಿ ಹರಿದರೆ, ಆ ಗೆರೆಯ ಕೆಲವೇ ಮಿಲಿವೋಲ್ಟ್‌ಗಳೂ 20 ಪಟ್ಟಾಗಿ ಕೇಳುತ್ತವೆ. ಬಿ ಬದಿಯ 31ನೇ ಸಂಪರ್ಕದಿಂದ ದಪ್ಪ ತಂತಿಯೊಂದನ್ನು ನೇರವಾಗಿ ಆಂಪ್ಲಿಫೈಯರಿನ 470 ಮೈಕ್ರೋಫ್ಯಾರಡ್ ಕೆಪಾಸಿಟರಿನ ಋಣ ತುದಿಗೆ ತನ್ನಿ. ಸ್ಪೀಕರಿನ ಗ್ರೌಂಡ್, 4ನೇ ಪಿನ್, ಪಾಟ್ ಮೂರೂ ಆ ಒಂದೇ ಬಿಂದುವಿಗೆ ಬೇರೆಬೇರೆ ತಂತಿಯಲ್ಲಿ ಬರಲಿ. ಬಂಗಾರದ ಸಂಪರ್ಕಪಟ್ಟಿಗೆ ಮಾತ್ರ ಬೆಸುಗೆ ತಾಗಿಸಬೇಡಿ, ಅದಕ್ಕೆ ಸೇರುವ ಗೆರೆಯ ಮೇಲಿನ ರಂಧ್ರ ಹುಡುಕಿಕೊಳ್ಳಿ.

ಪ್ರಶ್ನೆ: ನನ್ನದು ಎಸ್-100 ಬಸ್‌ನ (ನೂರು ಸಂಪರ್ಕಗಳ ಹಳೆಯ ಸ್ಲಾಟ್ ವ್ಯವಸ್ಥೆಯ) ಕಂಪ್ಯೂಟರ್, ಕಾರ್ಡಿನಲ್ಲಿ ಎವೈ-3-8910 ಧ್ವನಿ ಚಿಪ್. ಇದೇ ಸರ್ಕ್ಯೂಟ್ ಸಲ್ಲುತ್ತದೆಯೇ?

ಉತ್ತರ: ಸಲ್ಲುತ್ತದೆ. ಚಿಪ್ಪಿನ 3, 4 ಮತ್ತು 38ನೇ ಪಿನ್‌ಗಳು ಮೂರು ಸ್ವರಗಳ ಔಟ್‌ಪುಟ್. ಮೂರನ್ನೂ ಒಂದುಗೂಡಿಸಿ 1 ಕಿಲೋ ಓಮ್ ಮೂಲಕ ಗ್ರೌಂಡಿಗೆ ಸೇರಿಸಿ, ಅಲ್ಲಿಂದ ಸಂಕೇತ ತೆಗೆಯಿರಿ. ಮಟ್ಟ ತುಸು ಕಡಿಮೆ ಇರುವುದರಿಂದ 100 ಕಿಲೋ ಓಮ್ ಬದಲು 47 ಹಾಕಿ. ಈ ಬಸ್ಸಿನಲ್ಲಿ ನಿಯಂತ್ರಿತ ವಿದ್ಯುತ್ ಇಲ್ಲ. 1 ಮತ್ತು 51ನೇ ಸಂಪರ್ಕಗಳಲ್ಲಿ 8 ವೋಲ್ಟ್, 2ರಲ್ಲಿ 16 ವೋಲ್ಟ್, ಎರಡೂ ಒರಟು. 7809ಕ್ಕೆ 8 ವೋಲ್ಟ್ ಸಾಲದು, 16ರಿಂದಲೇ ಕೊಡಿ. ಆಗ ಅದರ ಮೇಲೆ 7 ವೋಲ್ಟ್‌ಗೂ ಹೆಚ್ಚು ಬೀಳುವುದರಿಂದ ಸಣ್ಣ ಹೀಟ್ ಸಿಂಕ್ ಕಡ್ಡಾಯ.