ಆದಾಯ ಪ್ರಮಾಣಪತ್ರ ಮಾಡಿಸಲು ಒಪ್ಪದ ತಂದೆ

ಕಾಲೇಜು ಪ್ರವೇಶದ ತಿಂಗಳುಗಳಲ್ಲಿ ಮುಂಬಯಿಯ ಕನ್ನಡ ಕುಟುಂಬಗಳಿಂದ ಆಪ್ತ ಸಲಹೆಗಾರ್ತಿಯಾದ ನನ್ನ ಬಳಿಗೆ ಇಂಥ ಪ್ರಕರಣ ಬಾರದ ವರ್ಷವಿಲ್ಲವಾದ್ದರಿಂದ, ಗುರುತಿನ ವಿವರಗಳನ್ನು ಬದಲಿಸಿ ಒಂದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ತಂದೆ ಕುಂದಾಪುರದ ಕಡೆಯವರು, ಮನೆಯವರ ಲೆಕ್ಕದಲ್ಲಿ ಹೋಟೆಲ್ ಮ್ಯಾನೇಜರ್. ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿದ್ದರೆ ರಾಜರ್ಷಿ ಶಾಹು ಮಹಾರಾಜ ಯೋಜನೆಯಡಿ ಬೋಧನಾ ಶುಲ್ಕದಲ್ಲಿ ರಿಯಾಯಿತಿ ಉಂಟು. ಇದಕ್ಕಾಗಿ ಮಹಾರಾಷ್ಟ್ರ ಸರ್ಕಾರದ ಜಾಲತಾಣವಾದ ಮಹಾಡಿಬಿಟಿಯಲ್ಲಿ ಸಲ್ಲಿಸುವ ಅರ್ಜಿಗೆ ತಹಶೀಲ್ದಾರರ ಆದಾಯ ಪ್ರಮಾಣಪತ್ರ ಲಗತ್ತಿಸಬೇಕು. ತಂದೆ ಅದನ್ನೂ ಮಾಡಿಸಲಿಲ್ಲ, ಶಿಕ್ಷಣ ಸಾಲದ ಅರ್ಜಿಗೂ ರುಜು ಹಾಕಲಿಲ್ಲ. ಅಪ್ಪನಿಗೆ ತಾನು ಓದುವುದೇ ಬೇಡವಾಗಿದೆ ಎಂದು ಮಗಳು ನಿರ್ಧರಿಸಿಬಿಟ್ಟಿದ್ದಳು.

ಪ್ರತ್ಯೇಕವಾಗಿ ಕೂತಾಗ ಅವರು ಬಹಳ ಹೊತ್ತು ಊರಿನ ಜಾಗದ ತಕರಾರನ್ನೇ ಹೇಳಿದರು. ನಾನು ಅರ್ಜಿಯ ಮಾತೆತ್ತಿದೊಡನೆ, "ಸರ್ಕಾರಕ್ಕೆ ನನ್ನ ಸಂಬಳ ಗೊತ್ತಾಗಲಿ ಮೇಡಂ, ಅಡ್ಡಿಯಿಲ್ಲ. ಮಗಳಿಗೆ ಗೊತ್ತಾಗುವುದು ಬೇಡ" ಎಂದರು. ಹಳೆಯ ಹೋಟೆಲು ಕೈಬದಲಾದಾಗ ಕೆಲಸ ಹೋಗಿ, ಈಗ ಬೇರೆಡೆ ಗಲ್ಲಾದಲ್ಲಿ ಅರ್ಧ ಸಂಬಳಕ್ಕೆ ಕೂರುತ್ತಿದ್ದರು. ಮನೆ ನಡೆಯುತ್ತಿದ್ದುದು ಎತ್ತಿದ ಚಿಟ್ಟಿನ ಹಣದಲ್ಲಿ. ಆದಾಯ ಕಡಿಮೆ ತೋರಿಸಿಕೊಡಿ ಎಂದು ಬರುವ ತಂದೆಯರನ್ನು ನಾನು ಹಿಂದೆ ಕಳಿಸಿದ್ದೇನೆ. ಇವರೋ, ನಿಜವಾಗಿ ಸಲ್ಲಬೇಕಾದ ನೆರವನ್ನೇ ಬಿಟ್ಟುಕೊಡಲು ಸಿದ್ಧರಾಗಿದ್ದರು.

ಅರ್ಜಿಗಿಂತ ಮೊದಲು ಮಗಳಿಗೆ ಹೇಳಿ, ನೀವೇ ಹೇಳಿ, ನನ್ನ ಬಾಯಿಂದ ಈ ಮಾತು ಹೊರಗೆ ಹೋಗದು ಎಂದು ಸಲಹೆ ಕೊಟ್ಟೆ. ಎಳೆಯ ಹುಡುಗಿಯ ಮೇಲೆ ಮನೆಯ ಭಾರ ಹೊರಿಸಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಶಿಕ್ಷಣ ಸಾಲದಲ್ಲಿ ಸಾಲಗಾರಳು ವಿದ್ಯಾರ್ಥಿನಿಯೇ, ತಂದೆ ಸಹ-ಸಾಲಗಾರ. ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷಕ್ಕೆ ಕಂತು ಶುರುವಾಗುತ್ತದೆ, ತಪ್ಪಿದರೆ ಇಬ್ಬರ ಸಾಲದ ದಾಖಲೆಯೂ ಕೆಡುತ್ತದೆ. ಇಲ್ಲದ ಸಂಬಳವನ್ನು ನಂಬಿ ಎಷ್ಟು ಸಾಲ ಮಾಡಬಹುದೆಂದು ಅವಳು ಎಣಿಸುವುದಕ್ಕೆ ಬಿಡುವುದು ಯಾವ ಬಗೆಯ ರಕ್ಷಣೆ? ತಂದೆಯ ಮಾನಕ್ಕೆ ಪೆಟ್ಟು ಬೀಳುತ್ತದೆ, ನಿಜ. ಆದರೆ ಅಪ್ಪನಿಗೆ ನಾನು ಬೇಡ ಎಂಬ ಮಗಳ ತಪ್ಪು ತಿಳಿವಳಿಕೆಯ ಮುಂದೆ ಅದು ಚಿಕ್ಕದು.

ಮುಂದಿನ ಭೇಟಿಯಲ್ಲಿ, ನನ್ನೆದುರಿಗೇ, ಅವರು ಹೇಳಿದರು. ಚಿಟ್ಟಿನ ಕಂತು ಇನ್ನೆಷ್ಟು ಬಾಕಿಯಿದೆ ಎಂದು ಮಗಳು ಮೊದಲು ಕೇಳಿದಳು. ಆಮೇಲೆ ಇಬ್ಬರೂ ಸೇರಿ ಸಾಲದ ಅಂದಾಜಿನಿಂದ ಹಾಸ್ಟೆಲ್ ಖರ್ಚನ್ನು ತೆಗೆದುಹಾಕಿ, ಲೋಕಲ್ ಪಾಸಿನ ದುಡ್ಡನ್ನು ಸೇರಿಸಿದರು.