ಯುರೋಪಿನ 'ಮರೆತುಹೋಗುವ ಹಕ್ಕು' ಬಳಸಿದರೆ ನಮ್ಮ ಬಗ್ಗೆ ಇರುವ ಮಾಹಿತಿ ಇಂಟರ್ನೆಟ್‌ನಿಂದ ಪೂರ್ತಿ ಅಳಿಸಿಹೋಗುತ್ತದೆಯೇ?

ಇಲ್ಲ. ಜಾಸ್ತಿ ಜನ ತಪ್ಪು ತಿಳಿದುಕೊಂಡಿರುವುದು ಇಲ್ಲೇ.

ಇದು ಶುರುವಾಗಿದ್ದು ಸ್ಪೇನ್‌ನಲ್ಲಿ. ಸಾಮಾಜಿಕ ಭದ್ರತೆಯ ಬಾಕಿ ಕಟ್ಟದ ಒಬ್ಬರ ಆಸ್ತಿ ಹರಾಜಿಗೆ ಬಂದಿತ್ತು. 1998ರಲ್ಲಿ 'ಲಾ ವಾನ್‌ಗಾರ್ಡಿಯಾ' ಪತ್ರಿಕೆಯಲ್ಲಿ ಅದರ ನೋಟಿಸ್ ಬಂತು. ಎಷ್ಟೋ ವರ್ಷದ ಮೇಲೂ ಅವರ ಹೆಸರು ಹಾಕಿದರೆ ಗೂಗಲ್ ಅದನ್ನೇ ತೋರಿಸುತ್ತಿತ್ತು. 2014ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ತೀರ್ಪು ಕೊಟ್ಟಿತು: ಹೆಸರು ಹಾಕಿ ಹುಡುಕಿದಾಗ ಇಂಥ ಹಳೇ ಲಿಂಕ್ ಬರಬಾರದು ಎಂದು ಗೂಗಲ್‌ನಂಥ ಸರ್ಚ್ ಕಂಪನಿಯನ್ನು ಕೇಳಬಹುದು. ಪತ್ರಿಕೆಯ ಪುಟ ಮಾತ್ರ ಇದ್ದಲ್ಲೇ ಇರುತ್ತದೆ. ಬೇರೆ ಪದ ಹಾಕಿದರೆ ಸಿಗಲೂಬಹುದು. ತಮಾಷೆ ಅಂದರೆ, ಮರೆಯಲಿ ಎಂದು ಕೋರ್ಟಿಗೆ ಹೋದವರ ಸಾಲದ ಕತೆ ಈಗ ಜಗತ್ತಿಗೇ ಗೊತ್ತು!

ಕೇಳಿದವರಿಗೆಲ್ಲ ಸಿಗುವುದೂ ಇಲ್ಲ. ರಾಜಕಾರಣಿಯ ಲಂಚದ ಸುದ್ದಿ ಜನರಿಗೆ ಗೊತ್ತಿರಬೇಕಾದ್ದು, ಅಲ್ವಾ? ಆದರೆ ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಮೊದಲು ತೂಗಿ ನೋಡುವುದು ಕಂಪನಿಯೇ. ನನಗೆ ಸರಿ ಕಾಣದ್ದು ಅದು. ಕಂಪನಿ ಒಪ್ಪದಿದ್ದರೆ ಆ ದೇಶದ ಡೇಟಾ ರಕ್ಷಣಾ ಸಂಸ್ಥೆಗೋ ಕೋರ್ಟಿಗೋ ದೂರು ಕೊಡಬೇಕು.

ಇಡೀ ಜಗತ್ತಿನಲ್ಲಿ ಲಿಂಕ್ ತೆಗೆಯಲೇಬೇಕೆಂದು ಒಕ್ಕೂಟದ ಕಾನೂನು ಹೇಳುವುದಿಲ್ಲ ಎಂದು ಅದೇ ನ್ಯಾಯಾಲಯ 2019ರಲ್ಲಿ ಹೇಳಿತು. ಹಾಗಾಗಿ ಪ್ಯಾರಿಸ್‌ನಲ್ಲಿ ಕಾಣದ ಲಿಂಕ್ ಬೆಂಗಳೂರಿನಲ್ಲಿ ಕಾಣಬಹುದು.