ಸೋತವರು ಸುಮ್ನೆ ಇರ್ಬೇಕಿತ್ತಾ? ಬ್ರೆಕ್ಸಿಟ್ ಬಗ್ಗೆ ಬಂದ ಪತ್ರಕ್ಕೆ ಸಂಪಾದಕರ ಉತ್ತರ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಓದ್ದೆ. ಹೋದ ತಿಂಗಳು ನಾವು ಹಾಕಿದ್ದ ಬ್ರೆಕ್ಸಿಟ್ ಲೇಖನ ನಿಮಗೆ ಸಿಟ್ಟು ತರಿಸಿದೆ. ಬೇರೆ ಓದುಗರಿಗೂ ಗೊತ್ತಾಗ್ಲಿ ಅಂತ ನಿಮ್ಮ ವಾದ ಚಿಕ್ಕದಾಗಿ ಹೇಳ್ತೀನಿ: ಬ್ರಿಟನ್ನಿನ ಜನ 2016ರ ರೆಫರೆಂಡಮ್ಮಲ್ಲಿ, ಅಂದ್ರೆ ಜನಮತಗಣನೆಯಲ್ಲಿ, ವೋಟ್ ಹಾಕಿ ಯುರೋಪಿಯನ್ ಯೂನಿಯನ್‌ನಿಂದ ಹೊರಗೆ ಹೋಗೋಣ ಅಂದ್ರು, ಮಾತು ಅಲ್ಲಿಗೆ ಮುಗೀಬೇಕಿತ್ತು, ಆದ್ರೆ ಸೋಲು ಒಪ್ಕೊಳ್ಳೋಕಾಗದ ಲಂಡನ್ನಿನ ಓದಿದ ಜನ ಮೂರೂವರೆ ವರ್ಷ ಬೀದೀಲಿ, ಕೋರ್ಟಲ್ಲಿ, ಪಾರ್ಲಿಮೆಂಟಲ್ಲಿ ಅಡ್ಡಗಾಲು ಹಾಕಿದ್ರು, ಅಂಥವರನ್ನ ನಿಮ್ಮ ಪತ್ರಿಕೆ ಹೀರೋ ಮಾಡಿದೆ. ಇದರ ಜೊತೆ ಎರಡು ಪ್ರಶ್ನೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರೋ ನಿಮ್ಮ ಸೋದರಳಿಯ ಆ ರೆಫರೆಂಡಮ್‌ನಲ್ಲಿ ತಾನೂ ವೋಟ್ ಹಾಕಿದ್ದೆ ಅಂತಾನೆ, ಅವನದ್ದು ಇಂಡಿಯನ್ ಪಾಸ್‌ಪೋರ್ಟು, ಬುರುಡೆ ಬಿಡ್ತಿದಾನಾ ಅನ್ನೋದು ಒಂದು. ಬ್ರಿಟನ್ ವಾಪಸ್ ಹೋಗುತ್ತಾ ಅನ್ನೋದು ಇನ್ನೊಂದು.

ಮೊದಲು ಅಳಿಯನ ವಿಷಯ ಮುಗಿಸ್ತೀನಿ. ಬುರುಡೆ ಅಲ್ಲ. ಬ್ರಿಟನ್ನಲ್ಲಿ ಕಾನೂನುಬದ್ಧವಾಗಿ ವಾಸ ಇರೋ ಕಾಮನ್‌ವೆಲ್ತ್ ದೇಶದವರು ವೋಟರ್ ಲಿಸ್ಟಿಗೆ ಹೆಸರು ಸೇರಿಸ್ಕೊಂಡು ಅಲ್ಲಿನ ಪಾರ್ಲಿಮೆಂಟ್ ಎಲೆಕ್ಷನ್‌ನಲ್ಲೂ ವೋಟ್ ಹಾಕಬಹುದು, 2016ರ ರೆಫರೆಂಡಮ್‌ಗೂ ಅದೇ ಲಿಸ್ಟೇ ಆಧಾರ. ಆದ್ರೆ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದು, ಅಲ್ಲೇ ಟ್ಯಾಕ್ಸ್ ಕಟ್ಟಿ, ಮಕ್ಕಳನ್ನ ಅಲ್ಲೇ ಓದಿಸ್ತಿದ್ದ ಪೋಲೆಂಡಿನವರಿಗೋ ಇಟಲಿಯವರಿಗೋ ವೋಟಿಲ್ಲ. ಯೂನಿಯನ್‌ನವರಲ್ಲಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಈ ಮೂರು ದೇಶದವರಿಗೆ ಮಾತ್ರ ಇತ್ತು. ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಸ್ಪೇನಲ್ಲೋ ಫ್ರಾನ್ಸಲ್ಲೋ ಸೆಟ್ಲ್ ಆಗಿದ್ದ ಬ್ರಿಟಿಷರಿಗೂ ಇರ್ಲಿಲ್ಲ. ಅಂದ್ರೆ ಬೆಂಗಳೂರಿಂದ ಎರಡು ವರ್ಷದ ಹಿಂದೆ ಹೋದ ಸಾಫ್ಟ್‌ವೇರ್ ಹುಡುಗನಿಗೆ ವೋಟಿತ್ತು, ಯಾರ ಕೆಲಸ, ಮನೆ, ಅಲ್ಲಿರೋ ಹಕ್ಕು ಎಲ್ಲಾ ಆ ಒಂದು ದಿನದ ಮೇಲೆ ನಿಂತಿತ್ತೋ ಅವರಿಗೆ ಇರ್ಲಿಲ್ಲ. "ಜನ ಹೇಳಿಯಾಯ್ತು" ಅಂತ ನೀವು ಬರೆದಿದೀರಲ್ಲ, ಆ ಜನ ಯಾರು ಅನ್ನೋದೇ ಅಷ್ಟು ಸಲೀಸಲ್ಲ ನೋಡಿ.

ಈಗ ಮುಖ್ಯ ವಿಷಯ. 2016ರ ಜೂನ್ 23ರ ಲೆಕ್ಕದಲ್ಲಿ ನಂಗೆ ತಕರಾರಿಲ್ಲ. ಹೊರಗೆ ಅಂದವರು 1 ಕೋಟಿ 74 ಲಕ್ಷ, ಉಳಿಯೋಣ ಅಂದವರು 1 ಕೋಟಿ 61 ಲಕ್ಷ, ಶೇಕಡಾ 51.9 ಮತ್ತು 48.1. ಗೆದ್ದವರು ಗೆದ್ರು. ಕೆಲವರು ಆಮೇಲೆ ಒಂದು ವಾದ ತೆಗೆದ್ರು, ಒಟ್ಟು ವೋಟರುಗಳ ಲೆಕ್ಕ ಹಿಡಿದ್ರೆ ಹೊರಗೆ ಅಂದವರು ಶೇಕಡಾ 37ರಷ್ಟೇ, 1979ರಲ್ಲಿ ಸ್ಕಾಟ್ಲೆಂಡಿಗೆ ಸ್ವಂತ ಅಸೆಂಬ್ಲಿ ಬೇಕಾ ಅಂತ ಕೇಳಿದಾಗ ಒಟ್ಟು ವೋಟರುಗಳಲ್ಲಿ ಶೇಕಡಾ 40 ಜನ ಹೂಂ ಅನ್ಬೇಕು ಅಂತ ರೂಲ್ ಇತ್ತು, ಅಲ್ಲಿ ಬಿದ್ದ ವೋಟಲ್ಲಿ ಹೂಂ ಅಂದವರೇ ಜಾಸ್ತಿ ಇದ್ರೂ ಆ ರೂಲಿನಿಂದಾಗಿ ಬಿದ್ದೋಯ್ತು, ಇಲ್ಯಾಕೆ ಹಾಗಿಲ್ಲ ಅಂತ. ಒಳ್ಳೇ ಪ್ರಶ್ನೆನೇ, ಆದ್ರೆ ಕೇಳ್ಬೇಕಾಗಿದ್ದು 2015ರಲ್ಲಿ ಆ ಕಾಯ್ದೆ ಪಾಸಾಗುವಾಗ. ಆಟ ಮುಗಿದ ಮೇಲೆ ರೂಲ್ ಬದಲಾಯಿಸೋ ಹಾಗಿಲ್ಲ, ಈ ಒಂದು ಪಾಯಿಂಟಲ್ಲಿ ನಾನು ನಿಮ್ಮ ಕಡೆನೇ.

ಆದ್ರೆ ಆ ಬ್ಯಾಲೆಟ್ ಪೇಪರಲ್ಲಿ ಇದ್ದಿದ್ದಾದ್ರೂ ಏನು? ಯೂನಿಯನ್‌ನಲ್ಲಿ ಇರೋಣ, ಯೂನಿಯನ್ ಬಿಡೋಣ, ಎರಡೇ ಸಾಲು. ಬಿಟ್ಟು ಎಲ್ಲಿಗೆ ಅನ್ನೋದು ಎಲ್ಲೂ ಇಲ್ಲ. ನಮ್ಮ ಕಡೆ ಅಣ್ಣತಮ್ಮಂದಿರು "ಸಾಕಪ್ಪಾ, ಬೇರೆ ಆಗೋಣ" ಅಂತ ಒಂದೇ ಮಾತಲ್ಲಿ ಒಪ್ಪಿರ್ತಾರೆ, ಪಾಲುಪಟ್ಟಿ ಬರೆಯೋಕೆ ಕೂತಾಗ ಬಾವಿ ಯಾರಿಗೆ, ಕೊಟ್ಟಿಗೆಗೆ ದಾರಿ ಯಾರ ಜಮೀನಲ್ಲಿ ಅಂತ ಶುರುವಾಗುತ್ತಲ್ಲ ಜಗಳ, ಅದೇ ಕಥೆ ಇಲ್ಲೂ. ನಾರ್ವೆ ಥರ ರಾಜಕೀಯವಾಗಿ ಹೊರಗಿದ್ದು ವ್ಯಾಪಾರಕ್ಕೆ ಅವರ ಮಾರ್ಕೆಟ್ ಒಳಗೇ ಇರೋದಾ, ಕೆನಡಾ ಥರ ಬರೀ ಟ್ರೇಡ್ ಒಪ್ಪಂದ ಮಾಡ್ಕೊಳ್ಳೋದಾ, ಒಪ್ಪಂದನೇ ಬೇಡ ಅಂತ ಬಾಗಿಲು ಹಾಕ್ಕೊಂಡು ಬರೋದಾ? ಪ್ರಚಾರದಲ್ಲಿ ಒಬ್ಬೊಬ್ಬ ಲೀಡರ್ ಒಂದೊಂದು ಹೇಳಿದ್ರು, ಕೇಳಿದವರು ತಮಗೆ ಬೇಕಾಗಿದ್ದನ್ನ ಕೇಳಿಸ್ಕೊಂಡ್ರು. ಹೊರಗೆ ಅನ್ನೋರು ತಮ್ಮ ಪ್ರಚಾರದ ಕೆಂಪು ಬಸ್ಸಿನ ಮೇಲೆ ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಕಳಿಸ್ತಿದೀವಿ, ಅದನ್ನ ಆಸ್ಪತ್ರೆಗಳಿಗೆ ಕೊಡೋಣ ಅಂತ ಬರೆಸಿದ್ರು, ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರನೇ ಆ ಲೆಕ್ಕ ದಾರಿ ತಪ್ಪಿಸೋ ಥರದ್ದು ಅಂದ್ರೂ ಬಸ್ ಓಡ್ತಾನೇ ಇತ್ತು.

ಪಾಲುಪಟ್ಟೀಲಿ ಎಲ್ಲಕ್ಕಿಂತ ಗಂಟು ಬಿದ್ದಿದ್ದು ಐರ್ಲೆಂಡ್ ಗಡಿ, ನಿಮ್ಮ ಪತ್ರದಲ್ಲಿ ಅದರ ಸುದ್ದಿನೇ ಇಲ್ಲ. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ದಕ್ಷಿಣದ ಐರ್ಲೆಂಡ್ ಬೇರೆ ದೇಶ, ಯೂನಿಯನ್ ಒಳಗೇ ಉಳಿಯೋ ದೇಶ. ಮಧ್ಯ ಸುಮಾರು 500 ಕಿಲೋಮೀಟರ್ ಗಡಿ, ಹೊಲ, ತೋಟ, ಕೆಲವು ಕಡೆ ಮನೆಗಳ ನಡುವೆನೇ ಹಾದು ಹೋಗುತ್ತೆ. ಉತ್ತರ ಐರ್ಲೆಂಡ್ ಬ್ರಿಟನ್ನಲ್ಲೇ ಇರ್ಬೇಕಾ, ಐರ್ಲೆಂಡಿಗೆ ಸೇರ್ಬೇಕಾ ಅಂತ ನಡೆದ ಮೂವತ್ತು ವರ್ಷದ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತ ಮೇಲೆ 1998ರಲ್ಲಿ ಶಾಂತಿ ಒಪ್ಪಂದ ಆಗಿ ಸೈನಿಕರ ಚೆಕ್‌ಪೋಸ್ಟ್ ಎಲ್ಲಾ ಎದ್ದು ಹೋಗಿದ್ವು. ಈಗ ಬ್ರಿಟನ್ ಯೂನಿಯನ್ನಿನ ಕಸ್ಟಮ್ಸ್ ವ್ಯವಸ್ಥೆ ಬಿಟ್ರೆ ಸಾಮಾನು ಎಲ್ಲೋ ಒಂದು ಕಡೆ ಚೆಕ್ ಆಗ್ಲೇಬೇಕು. ಆ ಗಡೀಲಿ ಮಾಡಿದ್ರೆ ಹಳೇ ಗಾಯ ಕೆದರಿದ ಹಾಗೆ, ಸಮುದ್ರದಲ್ಲಿ ಮಾಡಿದ್ರೆ ಬ್ರಿಟನ್ ತನ್ನ ದೇಶದ ಒಂದು ತುಂಡಿಗೇ ಬೇಲಿ ಹಾಕಿದ ಹಾಗೆ. ಪ್ರಚಾರದಲ್ಲಿ ಇದರ ಬಗ್ಗೆ ಇಂಗ್ಲೆಂಡಿನ ಊರುಗಳಲ್ಲಿ ಹೆಚ್ಚು ಮಾತಾಗ್ಲೇ ಇಲ್ಲ.

ರೆಫರೆಂಡಮ್ ಆದ್ಮೇಲೆ ಪ್ರಧಾನಿ ಆದ ಥೆರೆಸಾ ಮೇ ಇದಕ್ಕೊಂದು ದಾರಿ ಹುಡುಕಿ ಒಪ್ಪಂದ ತಂದ್ರು, ಇಡೀ ಬ್ರಿಟನ್ ಸದ್ಯಕ್ಕೆ ಕಸ್ಟಮ್ಸ್ ವಿಷಯದಲ್ಲಿ ಯುರೋಪಿನ ಜೊತೆನೇ ಇರ್ಲಿ ಅನ್ನೋ ಥರ. 2019ರ ಜನವರಿ 15ಕ್ಕೆ ಪಾರ್ಲಿಮೆಂಟಲ್ಲಿ ಅದು 432ಕ್ಕೆ 202ರಿಂದ ಬಿತ್ತು. ಮೇಷ್ಟ್ರೇ, ಇಲ್ಲಿ ಸ್ವಲ್ಪ ನಿಲ್ಲಿ. ಆವತ್ತು ವಿರುದ್ಧ ಕೈ ಎತ್ತಿದವರಲ್ಲಿ 118 ಜನ ಮೇ ಅವರ ಸ್ವಂತ ಪಾರ್ಟಿಯವರು, ಅವರಲ್ಲಿ ಬಹುಪಾಲು ಹೊರಗೆ ಹೋಗಲೇಬೇಕು ಅಂತ ಎದೆ ಬಡ್ಕೊಂಡವರೇ, ಬೋರಿಸ್ ಜಾನ್ಸನ್ ಕೂಡ. ಇದು ಸಾಲದು, ಇದು ನಿಜವಾದ ಬ್ರೆಕ್ಸಿಟ್ ಅಲ್ಲ ಅನ್ನೋದು ಅವರ ತಕರಾರು. ಮಾರ್ಚಲ್ಲಿ ಇನ್ನೆರಡು ಸಲ ಬಿತ್ತು. ಅಂದ್ರೆ ಅಡ್ಡಗಾಲು ಹಾಕಿದವರು ಸೋತವರು ಮಾತ್ರ ಅಲ್ಲ, ಗೆದ್ದವರೂ ಹಾಕಿದ್ರು, ಅವರು ಸರಿಯಾಗಿ ಹಾಕಿದ್ರಿಂದಲೇ ಮೇ ಮನೆಗೆ ಹೋಗಿದ್ದು. "ಸೋತವರು ದೇಶದ ಕತ್ತು ಹಿಸುಕಿದ್ರು" ಅಂತ ನೀವು ಬರೆದ ವಾಕ್ಯ ನಾನು ಒಪ್ಪೋದಿಲ್ಲ ಅನ್ನೋದಕ್ಕೆ ಇದೇ ಕಾರಣ. ಗೆದ್ದವರಲ್ಲೇ ತಾವು ಗೆದ್ದಿದ್ದು ಏನನ್ನ ಅಂತ ಒಮ್ಮತ ಇರ್ಲಿಲ್ಲ, ಹಾಗಿದ್ದಾಗ ಸೋತವರಿಗೆ ಬಾಯಿ ಮುಚ್ಕೊಳಿ ಅನ್ನೋದು ಯಾವ ನ್ಯಾಯ?

ಕೋರ್ಟ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನೀವು ಜಡ್ಜುಗಳನ್ನೂ ಬಿಟ್ಟಿಲ್ಲ. ಜೀನಾ ಮಿಲ್ಲರ್ ಅನ್ನೋರು ಹಾಕಿದ ಕೇಸಲ್ಲಿ 2017ರ ಜನವರೀಲಿ ಸುಪ್ರೀಂ ಕೋರ್ಟ್ ಬ್ರೆಕ್ಸಿಟ್ ಬೇಡ ಅಂದಿಲ್ಲ ಸಾರ್. ಹೊರಗೆ ಹೋಗ್ತೀವಿ ಅನ್ನೋ ನೋಟಿಸ್ ಪ್ರಧಾನಿ ಒಬ್ಬರೇ ಕೊಡೋ ಹಾಗಿಲ್ಲ, ಪಾರ್ಲಿಮೆಂಟ್ ಕಾನೂನು ಮಾಡಿ ಒಪ್ಪಿಗೆ ಕೊಡ್ಬೇಕು ಅಂತಷ್ಟೇ ಹೇಳಿದ್ದು, 8 ಜಡ್ಜು ಒಂದು ಕಡೆ, 3 ಇನ್ನೊಂದು ಕಡೆ. ಕೆಲವೇ ದಿನದಲ್ಲಿ ಪಾರ್ಲಿಮೆಂಟಲ್ಲಿ ಆ ಬಿಲ್‌ಗೆ 498 ವೋಟ್ ಬಿತ್ತು, ವಿರುದ್ಧ 114. ಏನು ಅಡ್ಡ ಆಯ್ತು? ಇದಕ್ಕೆ ಮುಂಚೆ ಹೈಕೋರ್ಟ್ ಇದೇ ತೀರ್ಪು ಕೊಟ್ಟಾಗ ಡೈಲಿ ಮೇಲ್ ಪತ್ರಿಕೆ ಮೂವರು ಜಡ್ಜುಗಳ ಫೋಟೋ ಮುಖಪುಟದಲ್ಲಿ ಹಾಕಿ "ಜನರ ಶತ್ರುಗಳು" ಅಂತ ಹೆಡ್ಡಿಂಗ್ ಕೊಟ್ಟಿತ್ತು. ನಮ್ಮ ಪಾರ್ಲಿಮೆಂಟಿಗೇ ಪರಮಾಧಿಕಾರ ಬೇಕು ಅಂತ ಹೋರಾಡಿದವರೇ ಅದನ್ನ ಪಾರ್ಲಿಮೆಂಟಲ್ಲೇ ತೀರ್ಮಾನ ಮಾಡಿ ಅಂದ ಜಡ್ಜುಗಳ ಮೇಲೆ ಎಗರಿದ್ರು, ಇದಕ್ಕೆ ಏನನ್ನೋದು! 2019ರ ಸೆಪ್ಟೆಂಬರಲ್ಲಿ ಮೇ ಜಾಗಕ್ಕೆ ಪ್ರಧಾನಿಯಾಗಿ ಬಂದಿದ್ದ ಜಾನ್ಸನ್ ಅಧಿವೇಶನ ನಿಲ್ಲಿಸಿ ಐದು ವಾರ ಪಾರ್ಲಿಮೆಂಟಿಗೇ ಬೀಗ ಹಾಕಿದಾಗ 11 ಜಡ್ಜುಗಳೂ ಒಂದೇ ದನಿಯಲ್ಲಿ ಇದು ಕಾನೂನುಬಾಹಿರ ಅಂದ್ರು. ಪತ್ರಿಕೆ ನಡೆಸೋನಾಗಿ ಹೇಳ್ತೀನಿ, ಆ ಜಡ್ಜುಗಳ ಫೋಟೋ ಹೆಡ್ಡಿಂಗ್ ನಮ್ಮ ಆಫೀಸಲ್ಲಿ ಯಾರಾದ್ರೂ ತಂದಿದ್ರೆ ನಾನು ಹರಿದು ಹಾಕ್ತಿದ್ದೆ. ರೆಫರೆಂಡಮ್‌ಗೆ ಒಂದು ವಾರ ಮುಂಚೆ ಜೋ ಕಾಕ್ಸ್ ಅನ್ನೋ ಎಂಪಿಯನ್ನ ಅವರ ಕ್ಷೇತ್ರದ ಬೀದೀಲೇ ಒಬ್ಬ ಬಲಪಂಥೀಯ ಉಗ್ರ ಕೊಂದಿದ್ದ, ಎರಡು ಚಿಕ್ಕ ಮಕ್ಕಳ ತಾಯಿ ಆಕೆ. ಅದಾಗಿ ಐದು ತಿಂಗಳೂ ಆಗಿರ್ಲಿಲ್ಲ, ಅಂಥಾ ಹೊತ್ತಲ್ಲಿ ಶತ್ರುಗಳು ಅಂತ ಅಚ್ಚು ಹಾಕೋಕೆ ಕೈ ಹೇಗೆ ಬರುತ್ತೆ ಅಂತ.

ಹಾಗಂತ ಉಳಿಯೋಣ ಅಂದವರು ಸಾಚಾ ಅಂತೀನಾ? ಇಲ್ಲ. ಹೋದ ತಿಂಗಳ ಲೇಖನದಲ್ಲಿ ಇದಕ್ಕೆ ಜಾಗ ಕಮ್ಮಿ ಆಯ್ತು ಅನ್ನೋ ನಿಮ್ಮ ಮಾತಲ್ಲಿ ಸತ್ಯ ಇದೆ. 2019ರ ಏಪ್ರಿಲ್ 1ಕ್ಕೆ ಪಾರ್ಲಿಮೆಂಟಲ್ಲಿ ಕಸ್ಟಮ್ಸ್ ಒಕ್ಕೂಟದಲ್ಲಿ, ಅಂದ್ರೆ ಒಳಗೊಳಗೆ ಸುಂಕ ಇಲ್ಲದ ಕೂಟದಲ್ಲಿ, ಇದ್ಕೊಂಡು ಮಿಕ್ಕಿದ್ದರಿಂದ ಹೊರಗೆ ಬರೋಣ ಅನ್ನೋ ನಿರ್ಣಯ ಬಂತು, ತಂದವರು ಮೇ ಅವರ ಪಾರ್ಟಿಯವರೇ ಆದ ಎಂಪಿ ಕೆನ್ ಕ್ಲಾರ್ಕ್. ಅದು ಬಿದ್ದಿದ್ದು 276ಕ್ಕೆ 273, ಮೂರೇ ಮೂರು ವೋಟಲ್ಲಿ! ಎರಡನೇ ರೆಫರೆಂಡಮ್ಮೇ ಬೇಕು ಅಂತ ಹಟ ಹಿಡಿದಿದ್ದ ಕೆಲವು ಎಂಪಿಗಳು ಆವತ್ತು ಕೈ ಜೋಡಿಸಿದ್ರೆ ಪಾಸಾಗ್ತಿತ್ತು. ಪೂರ್ತಿ ಬೇಕು ಅಂತ ಹೋಗಿ ಅರ್ಧನೂ ಕಳ್ಕೊಂಡ್ರು, ಕೊನೆಗೆ ಕೈಗೆ ಬಂದಿದ್ದು ಅವರು ಎಲ್ಲಕ್ಕಿಂತ ಹೆಚ್ಚು ಹೆದರಿದ್ದ ಥರದ ಬ್ರೆಕ್ಸಿಟ್ಟು.

ಇನ್ನು ಅವರ ಬಾಯಿ. ಹೊರಗೆ ಅಂತ ವೋಟ್ ಹಾಕಿದವರೆಲ್ಲಾ ದಡ್ಡರು, ಮುದುಕರು, ಜನಾಂಗದ್ವೇಷಿಗಳು ಅಂತ ಟಿವಿ ಸ್ಟುಡಿಯೋದಲ್ಲಿ ಕೂತು ನಕ್ಕಿದ್ದು ನಂಗೂ ಹಿಡಿಸಲಿಲ್ಲ. ವೇಲ್ಸ್‌ನಲ್ಲಿ ಎಬ್ಬು ವೇಲ್ ಅಂತ ಒಂದು ಊರಿದೆ. ನಮ್ಮ ಭದ್ರಾವತಿ ಗೊತ್ತಿದ್ದವರಿಗೆ ಅದರ ಕಥೆ ಬೇಗ ಅರ್ಥ ಆಗುತ್ತೆ, ಉಕ್ಕಿನ ಕಾರ್ಖಾನೆಯಿಂದಲೇ ಬದುಕಿದ್ದ ಊರು, 2002ರಲ್ಲಿ ಕಾರ್ಖಾನೆ ಮುಚ್ತು. ಆಮೇಲೆ ಯುರೋಪಿನ ದುಡ್ಡಲ್ಲಿ ರಸ್ತೆ, ಕಾಲೇಜು ಅಂತ ಏನೇನೋ ಬಂತು, ಎಲ್ಲದರ ಮುಂದೆ ಯೂನಿಯನ್ ಬಾವುಟದ ಬೋರ್ಡ್. ಆ ಊರಿನ ಸ್ಥಳೀಯ ಕೌನ್ಸಿಲ್‌ನಲ್ಲಿ ಶೇಕಡಾ 62 ಜನ ಹೊರಗೆ ಅಂದ್ರು. ದುಡ್ಡು ಕೊಟ್ಟವರನ್ನೇ ಒದ್ದರು ಅಂತ ಪೇಪರ್‌ನವರು ಆಡ್ಕೊಂಡ್ರು, ಆದ್ರೆ ಬೋರ್ಡ್ ಬಂತು, ಅಪ್ಪ ಮಾಡ್ತಿದ್ದಂಥ ಸಂಬಳದ ಕೆಲಸ ವಾಪಸ್ ಬರ್ಲಿಲ್ಲ, ಹಾಗಿದ್ದಾಗ ಆ ಮನುಷ್ಯ ಬೋರ್ಡ್ ನೋಡಿ ಕೈ ಮುಗೀಬೇಕಿತ್ತಾ? ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಅದೇ ನಮ್ಮ ಬಸವಣ್ಣನವರ ಪ್ರತಿಮೆ ಥೇಮ್ಸ್ ದಂಡೇಲಿ ನಿಂತಿದೆಯಲ್ಲ ಆ ಭಾಗ, ಅಲ್ಲಿ ಶೇಕಡಾ 78ಕ್ಕೂ ಹೆಚ್ಚು ಜನ ಉಳಿಯೋಣ ಅಂದ್ರು. ಲಿಂಕನ್‌ಶೈರ್‌ನ ಬೋಸ್ಟನ್ನಲ್ಲಿ ಶೇಕಡಾ 75 ದಾಟಿ ಹೊರಗೆ ಅಂದ್ರು. ಒಂದೇ ದೇಶ ಅಂತ ಹೇಳೋದೇ ಕಷ್ಟ. ಸ್ಕಾಟ್ಲೆಂಡಲ್ಲಂತೂ 32 ಕೌನ್ಸಿಲ್‌ಗಳಲ್ಲಿ ಒಂದೂ ಹೊರಗೆ ಅನ್ಲಿಲ್ಲ, ಆದ್ರೂ ಹೊರಗೆ ಹೋದ್ರು.

ಬೀದಿಗೆ ಬಂದವರ ಬಗ್ಗೆ ನಿಮಗೆ ಬಹಳ ಸಿಟ್ಟು. ಲಕ್ಷಗಟ್ಲೆ ಜನ ಲಂಡನ್ನಲ್ಲಿ ಮೆರವಣಿಗೆ ಹೋದ್ರು, ನಿಜ. ಬ್ರೆಕ್ಸಿಟ್ ರದ್ದು ಮಾಡಿ ಅನ್ನೋ ಪಿಟಿಷನ್‌ಗೆ 60 ಲಕ್ಷ ಸಹಿ ಬಿತ್ತು, ನಿಜ. ಪಾರ್ಲಿಮೆಂಟ್ ಎದುರು ಒಬ್ಬ ಟೋಪಿ ಹಾಕ್ಕೊಂಡು ದಿನಾ ಬಂದು ಟಿವಿಯವರ ಹಿಂದೆ ನಿಂತು ಕಿರುಚ್ತಿದ್ದ, ಅದೂ ನಿಜ, ನಂಗೂ ಕಿರಿಕಿರಿ ಆಗ್ತಿತ್ತು. ಆದ್ರೆ ಆಮೇಲೆ ಏನಾಯ್ತು ನೋಡಿ. 2019ರ ಡಿಸೆಂಬರ್‌ನಲ್ಲಿ ಎಲೆಕ್ಷನ್ ಆಯ್ತು, ಬ್ರೆಕ್ಸಿಟ್ ಮುಗಿಸ್ತೀನಿ ಅಂತ ಹೋದ ಜಾನ್ಸನ್‌ಗೆ 80 ಸೀಟಿನ ಬಹುಮತ ಬಂತು, 2020ರ ಜನವರಿ 31ರ ರಾತ್ರಿ 11ಕ್ಕೆ ಬ್ರಿಟನ್ ಹೊರಗೆ ಬಂತು. ಯಾರೂ ಪಾರ್ಲಿಮೆಂಟಿಗೆ ಬೆಂಕಿ ಹಚ್ಚಲಿಲ್ಲ, ಎಲೆಕ್ಷನ್ನೇ ಸುಳ್ಳು ಅನ್ಲಿಲ್ಲ, ಮನೆಗೆ ಹೋದ್ರು. ಇದಕ್ಕಿಂತ ಚೆನ್ನಾಗಿ ಸೋಲು ಒಪ್ಕೊಳ್ಳೋದು ಹೇಗೆ? ಅಂದ ಹಾಗೆ ಯುರೋಪ್ ವಿರೋಧಿಗಳು ಏನು ಕಮ್ಮಿನಾ, 1975ರ ರೆಫರೆಂಡಮ್‌ನಲ್ಲಿ ಶೇಕಡಾ 67 ಜನ ಒಳಗಿರೋಣ ಅಂದಿದ್ರು, ಸೋತವರು 41 ವರ್ಷ ಬಿಡದೆ ಕೂಗಿದ್ರಿಂದಲೇ ತಾನೇ 2016 ಬಂದಿದ್ದು? ಅವರಿಗೆ ಆ ಹಕ್ಕಿತ್ತು ಅಂದ್ಮೇಲೆ ಇವರಿಗೂ ಇತ್ತು.

ಕೊನೇ ಪ್ರಶ್ನೆ, ವಾಪಸ್ ಹೋಗ್ತಾರಾ. ಹೊರಗೆ ಹೋಗಿದ್ದು ತಪ್ಪಾಯ್ತು ಅನ್ನೋರು ಈಗ ಸರ್ವೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದಾರೆ. ವಲಸೆ ಕಮ್ಮಿ ಆಗ್ಲಿ ಅಂತ ವೋಟ್ ಹಾಕಿದವರಿಗಂತೂ ಪಾಪ, ಯುರೋಪಿನವರು ಬರೋದು ಕಮ್ಮಿಯಾಗಿ ಇಂಡಿಯಾ, ನೈಜೀರಿಯಾದಿಂದ ಬರೋರು ಜಾಸ್ತಿಯಾದ್ರು, 2023ರ ಜೂನ್‌ಗೆ ಮುಗಿದ ಒಂದೇ ವರ್ಷದಲ್ಲಿ ನಿವ್ವಳ ವಲಸೆ 9 ಲಕ್ಷ ಮುಟ್ತು. ಆದ್ರೂ ಬೇಗ ವಾಪಸ್ ಹೋಗ್ತಾರೆ ಅಂತ ನಂಗನ್ಸಲ್ಲ. 2024ರ ಎಲೆಕ್ಷನ್ ಗೆದ್ದು ಪ್ರಧಾನಿ ಆದ ಲೇಬರ್ ಪಾರ್ಟಿಯ ಕೀರ್ ಸ್ಟಾರ್ಮರ್, ಹಿಂದೆ ಎರಡನೇ ರೆಫರೆಂಡಮ್ ಪರ ಇದ್ದವರೇ, ಸಿಂಗಲ್ ಮಾರ್ಕೆಟ್ಟಿಗೂ (ಆಗ್ಲೇ ಹೇಳಿದ ನಾರ್ವೆ ಇರೋ ಮಾರ್ಕೆಟ್ಟು) ಕಸ್ಟಮ್ಸ್ ಒಕ್ಕೂಟಕ್ಕೂ ವಾಪಸ್ ಹೋಗಲ್ಲ ಅಂತ ಹೇಳ್ಕೊಂಡೇ ವೋಟ್ ಕೇಳಿದ್ರು. 2025ರ ಮೇನಲ್ಲಿ ಯುರೋಪಿನ ದೋಣಿಗಳಿಗೆ ಇನ್ನೂ 12 ವರ್ಷ ತಮ್ಮ ಸಮುದ್ರದಲ್ಲಿ ಮೀನು ಹಿಡಿಯೋಕೆ ಬಿಟ್ಟು, ಅದೇ ಸಲ ತಮ್ಮ ಆಹಾರದ ಸಾಮಾನಿಗೆ ಗಡಿ ಚೆಕಿಂಗ್ ಕಮ್ಮಿ ಮಾಡಿಸ್ಕೊಳ್ಳೋ ಮಾತುಕತೆಗೆ ದಾರಿ ಮಾಡ್ಕೊಂಡ್ರು, ಇಂಥಾ ಸಣ್ಣ ಸಣ್ಣ ರಿಪೇರಿನೇ ಸದ್ಯಕ್ಕೆ. ಪೂರ್ತಿ ಸೇರ್ಬೇಕಂದ್ರೆ 27 ದೇಶನೂ ಒಪ್ಬೇಕು, ಹಿಂದೆ ಪ್ರಧಾನಿ ಥ್ಯಾಚರ್ ಜಗಳ ಆಡಿ ಯೂನಿಯನ್ನಿಗೆ ಕಟ್ಟೋ ದುಡ್ಡಲ್ಲಿ ತಂದಿದ್ದ ರಿಯಾಯಿತಿ ಮತ್ತೆ ಕೊಡಿ ಅಂದ್ರೆ ಅಲ್ಲಿ ಯಾರು ಕೇಳ್ತಾರೆ?

ಇದಕ್ಕೆ ನೀವು ಮರು ಉತ್ತರ ಬರೆದೇ ಬರೀತೀರ ಅಂತ ಗೊತ್ತು, ಬರೀರಿ, ಹಾಕ್ತೀವಿ. ಈ ಸಲ ಎರಡು ಪುಟದೊಳಗೆ ಇರ್ಲಿ, ಜೊತೆಗೆ ಐರ್ಲೆಂಡ್ ಗಡಿಗೆ ನಿಮ್ಮ ಹತ್ರ ಏನು ದಾರಿ ಇತ್ತು ಅನ್ನೋದನ್ನ ಮೊದಲ ಪುಟದಲ್ಲೇ ಹೇಳಿಬಿಡಿ.